ಮೂವತ್ತೊಂದನೆಯವಳು

ನಮ್ಮ ದೊಡ್ಡಮ್ಮನನ್ನ ಕೊಡೆ ಕಾರ್ಖಾನೆಯಲ್ಲಿ ಎಲ್ಲರೂ ಕತ್ತರಿ ಅಂತಲೇ ಕರೆಯೋದು. ಬಟ್ಟೆ ಕತ್ತರಿಸೋದು ಅವಳ ಕೆಲಸ, ಅದು ಅರ್ಧ ಕಾರಣ. ಇನ್ನರ್ಧ ಅವಳ ಬಾಯಿ. ನಾನು ಅವಳ ತಂಗಿ ಮಗಳು, ಅಲ್ಲೇ ಹೊಲಿಗೆ ಮೆಷಿನ್ ಮುಂದೆ ಕೂರೋಳು. ನನಗೂ ಅದೇ ಬಾಯಿ ಬಂದಿದೆ ಅಂತ ನನ್ನ ಗಂಡ ಆಗಾಗ ಗೊಣಗ್ತಾನೆ. ಗೊಣಗಲಿ ಬಿಡಿ. ಈಗ ಹೇಳೋ ವಿಷಯ ಮೆತ್ತಗೆ ಹೇಳೋಂಥದ್ದಲ್ಲ.

ಕೊಡೆ ಬಿಚ್ಚಿದಾಗ ಮೇಲೆ ಕಾಣೋ ಕಪ್ಪು ಬಟ್ಟೆ ಒಂದೇ ತುಂಡು ಅಂತ ಸುಮಾರು ಜನ ಅಂದ್ಕೊಂಡಿರ್ತಾರೆ. ಅಲ್ಲ. ದೊಡ್ಡಮ್ಮ ಬಟ್ಟೆ ಪದರದ ಮೇಲೆ ಮರದ ಅಚ್ಚು ಇಟ್ಟು ತ್ರಿಕೋನ ತುಂಡುಗಳನ್ನ ಕತ್ತರಿಸ್ತಾಳೆ, ನಾವು ಅವನ್ನ ಸೇರಿಸಿ ಹೊಲಿದು ಹೊದಿಕೆ ಮಾಡ್ತೀವಿ. ಶೆಡ್ಡಿನ ಇನ್ನೊಂದು ಕಡೆ ಕಡ್ಡಿ ಜೋಡಿಸಿ ಹಿಡಿ ಕೂರಿಸೋರು ಇದ್ದಾರೆ. ಅವರು ನಮ್ಮ ಹೊದಿಕೇನ ಕಡ್ಡಿಗಳ ಮೇಲೆ ಎಳೆದು ಕಟ್ಟಿದ್ರೆ ಅದು ಕೊಡೆ. ಅಲ್ಲೀವರೆಗೆ ಅವರ ಹತ್ರ ಇರೋದು ಬರೀ ತಂತಿ, ನಮ್ಮ ಹತ್ರ ಇರೋದು ಬರೀ ಬಟ್ಟೆ.

ದೊಡ್ಡಮ್ಮ ಆ ಶೆಡ್ಡಿಗೆ ಸೇರಿದ್ದು ಮದುವೆಗೂ ಮುಂಚೆ. ಅವಳ ಮಗಳು, ಅಂದ್ರೆ ನನ್ನ ಅಕ್ಕ, ಬೆಳೆದಿದ್ದೇ ಕತ್ತರಿಸೋ ಮೇಜಿನ ಕೆಳಗೆ. ಮಗುವಿನ ಸೊಂಟಕ್ಕೆ ಬಟ್ಟೆ ಪಟ್ಟಿ ಸುತ್ತಿ, ಅದನ್ನ ಮೇಜಿನ ಕಾಲಿಗೆ ಕಟ್ಟಿ, ಇವಳು ಮೇಲೆ ನಿಂತು ಕೆಲಸ ಮಾಡ್ತಿದ್ದಳು. ಅಕ್ಕ ಈಗ ಬೇರೆ ಊರಲ್ಲಿ ನರ್ಸು. ಫೋನ್ ಮಾಡಿದಾಗಲೆಲ್ಲ, ಮನೆ ಸದ್ದಿಲ್ಲದೆ ಇದ್ರೆ ನನಗೆ ನಿದ್ದೇನೇ ಬರಲ್ಲ, ಪಕ್ಕದಲ್ಲೊಂದು ಮೆಷಿನ್ ಓಡಿಸಿಟ್ಟುಕೊಂಡು ಮಲಗಬೇಕು ಅನ್ಸುತ್ತೆ ಅಂತ ನಗ್ತಾಳೆ. ದೊಡ್ಡಮ್ಮ ನಗಲ್ಲ. ಫೋನನ್ನ ದೊಡ್ಡಪ್ಪನ ಕೈಗೆ ಕೊಟ್ಟು ಎದ್ದುಹೋಗ್ತಾಳೆ.

ನನ್ನ ಮಗಳು ಹುಟ್ಟಿದಾಗ ನಾನೂ ಅದನ್ನೇ ಮಾಡಿದೆ. ಬೇರೆ ಏನು ಮಾಡ್ಲಿ? ಮನೆಯಲ್ಲಿ ನೋಡ್ಕೊಳ್ಳೋರಿಲ್ಲ, ಕೆಲಸ ಬಿಟ್ಟರೆ ಒಲೆ ಉರಿಯಲ್ಲ. ನನ್ನ ಮೆಷಿನ್ನಿನ ಕೆಳಗೆ ಅವಳು, ಪಕ್ಕದ ಮೆಷಿನ್ನಿನ ಕೆಳಗೆ ಇನ್ನೊಂದು ಕೂಸು. ಕಾಲು ಆಡಿಸುವಾಗ ಮಗುವಿನ ಬೆರಳು ಎಲ್ಲಿದೆ ಅಂತ ನೋಡ್ಕೊಂಡೇ ಆಡಿಸಬೇಕು. ಹೊಲಿಗೆ ಸೊಟ್ಟಗಾದ್ರೆ ಬೈಗುಳ ಬೇರೆ.

ಇದಕ್ಕೆ ಕಾನೂನು ಇಲ್ಲ ಅಂತಲ್ಲ. ಇದೆ. ಮೂವತ್ತು ಜನಕ್ಕಿಂತ ಹೆಚ್ಚು ಕೆಲಸಕ್ಕಿದ್ರೆ ಮಕ್ಕಳಿಗೆ ಅಂತ ಒಂದು ಕೋಣೆ ಕೊಡಬೇಕು, ನೋಡ್ಕೊಳ್ಳೋಕೆ ಒಬ್ಬ ಆಯಾನ ಇಡಬೇಕು. ಒಂದು ಸಲ ಮೂವತ್ತು ದಾಟಿದೆ ಅಂತ ಇನ್ಸ್‌ಪೆಕ್ಟರ್ ಬರೆದುಬಿಟ್ಟರೆ ಮುಗೀತು, ಆಮೇಲೆ ಜನ ಕಮ್ಮಿಯಾದ್ರೂ ಕೋಣೆ ಮುಚ್ಚೋ ಹಾಗಿಲ್ಲ. ಒಳ್ಳೇ ಕಾನೂನೇ. ಆದ್ರೆ ಅದು ಬಂದ ದಿನದಿಂದ ನಮ್ಮ ಯಜಮಾನರು ಮೂವತ್ತು ದಾಟಲೇ ಇಲ್ಲ. ಯಾರಾದ್ರೂ ಕೆಲಸ ಕೇಳ್ಕೊಂಡು ಬಂದ್ರೆ ಅವರಿಗೆ ಏನು ಬರುತ್ತೆ ಅಂತ ಕೇಳೋ ಮೊದಲು ನಮ್ಮ ತಲೆ ಎಣಿಸ್ತಿದ್ರು. ಆರ್ಡರ್ ಹೆಚ್ಚು ಬಂದ್ರೆ ಇದ್ದವರನ್ನೇ ಹಿಂಡಿ ಹಿಪ್ಪೆ ಮಾಡೋದು. ಕೆಟ್ಟ ಮನುಷ್ಯ ಅಂತ ಹೇಳಲಾರೆ. ಯಾರಿಗಾದ್ರೂ ಜ್ವರ ಅಂದ್ರೆ ತಾವೇ ಮಾತ್ರೆ ತರಿಸಿಕೊಡೋರು. ಮೂವತ್ತೊಂದು ಅನ್ನೋ ಮಾತು ಬಂದ್ರೆ ಮಾತ್ರ ಮುಖ ಸಪ್ಪಗಾಗ್ತಿತ್ತು.

ಅವರ ಸೋದರಳಿಯ, ಅರ್ಥಶಾಸ್ತ್ರ ಓದಿದ ಬೋಳುತಲೆಯವನು, ಕಾರ್ಖಾನೆಯ ಲೆಕ್ಕ ನೋಡ್ತಿದ್ದ. ಮಾತಿನಲ್ಲಿ ಬಲು ಸಭ್ಯ. ಒಂದಿನ ಚಹಾ ಕುಡೀತಾ ಒಂದು ರಟ್ಟಿನ ಮೇಲೆ ಗೆರೆ ಎಳೆದು ತೋರಿಸಿದ. ಜನ ಹೆಚ್ಚಾದ ಹಾಗೆ ಖರ್ಚು ನಿಧಾನಕ್ಕೆ ಏರುತ್ತೆ, ಮೂವತ್ತು ದಾಟೋ ಕಡೆ ಮಾತ್ರ ದಿಢೀರ್ ಅಂತ ಒಂದು ಮೆಟ್ಟಿಲು, ಮಾವ ಆ ಮೆಟ್ಟಿಲ ಬುಡದಲ್ಲೇ ನಿಂತುಬಿಟ್ಟಿದ್ದಾರೆ, ಹತ್ತಿ ದೂರ ಹೋದ್ರೆ ಲಾಭ ಇದೆ, ಆದ್ರೆ ಹತ್ತೋಕೆ ಭಯ ಅಂತ ವಿವರಿಸಿದ. ನಿಮ್ಮ ಮಾವನಿಗೆ ಮೊಣಕಾಲು ನೋವೇನಪ್ಪಾ ಅಂತ ದೊಡ್ಡಮ್ಮ ಕೇಳಿದ್ದಕ್ಕೆ ಚಹಾ ನೆತ್ತಿಗೇರಿ ಕೆಮ್ಮಿದ.

ಆ ವರ್ಷ ಮಳೆಗಾಲಕ್ಕೆ ಮುಂಚೆ ಒಂದು ಭಾರಿ ಆರ್ಡರ್ ಬಂತು. ಮೂವತ್ತು ಜನ ಬಿದ್ದು ಎದ್ದು ಮಾಡಿದ್ರೂ ಆಗದಷ್ಟು. ಬಿಡೋಕೆ ಮನಸ್ಸಿಲ್ಲ, ಜನ ಸೇರಿಸೋಕೆ ಧೈರ್ಯ ಇಲ್ಲ. ಕೊನೆಗೆ ಯಜಮಾನರು ಒಂದು ಉಪಾಯ ಹುಡುಕಿದ್ರು. ಶೆಡ್ಡಿನ ನಟ್ಟನಡುವೆ ಪ್ಲೈವುಡ್ಡಿನ ಗೋಡೆ ಎದ್ದಿತು. ಆ ಕಡೆ ಕಡ್ಡಿ ಕಂಪನಿ, ಈ ಕಡೆ ಬಟ್ಟೆ ಕಂಪನಿ. ಹೊಸಬರನ್ನ ಸೇರಿಸಿಕೊಂಡರೂ ಲೆಕ್ಕದಲ್ಲಿ ಎರಡೂ ಮೂವತ್ತರ ಒಳಗೆ. ಗೋಡೆಯಲ್ಲಿ ಒಂದು ಚಿಕ್ಕ ಕಿಟಕಿ, ಹೊದಿಕೆ ದಾಟಿಸೋಕೆ. ಕುಡಿಯೋ ನೀರಿನ ಡ್ರಮ್ಮು ಆ ಕಡೆ ಉಳೀತು, ನಾವು ನೀರು ಬೇಕು ಅಂದ್ರೆ ಬೀದಿ ಸುತ್ತಿ ಹೋಗಿ ಇನ್ನೊಂದು ಕಂಪನಿಯ ನೀರು ಕುಡಿದು ಬರಬೇಕು. ಯಾವ ತಲೆಗೆ ಹೊಳೆದ ಬುದ್ಧಿಯೋ ಅದು.

ಬಟ್ಟೆ ಕಂಪನಿಗೆ ಒಬ್ಬ ಮಾಲೀಕರು ಬೇಕಲ್ಲ. ಸೋದರಳಿಯನ ಹೆಸರು ಹಾಕಿದ್ರೆ ಸಂಬಂಧ ಗೊತ್ತಾಗುತ್ತೆ. ಹೊರಗಿನವರ ಹೆಸರು ಹಾಕಿದ್ರೆ ನಾಳೆ ಕೈಕೊಡ್ತಾರೆ. ಇಷ್ಟು ವರ್ಷ ಹೇಳಿದ ಕೆಲಸ ಹೇಳಿದ ಹಾಗೆ ಮಾಡಿದವಳು ಯಾರು ಅಂತ ನೋಡಿದ್ರೋ ಏನೋ, ದೊಡ್ಡಮ್ಮನನ್ನ ಕರೆದ್ರು. ಬಾಯಿ ಜೋರಿದ್ರೂ ಕೆಲಸದಲ್ಲಿ ಅವಳು ಯಾವತ್ತೂ ಅವರ ಮಾತು ಮೀರಿದವಳಲ್ಲ, ಅದೇ ಅವರ ಧೈರ್ಯ. ನಾಟಕ ಪಕ್ಕಾ ಇರಲಿ ಅಂತ ಮೆಷಿನ್ನು, ಬ್ಯಾಂಕ್ ಖಾತೆ, ನಮ್ಮ ಅರ್ಧ ಶೆಡ್ಡಿನ ಬಾಡಿಗೆ ಕರಾರು, ಎಲ್ಲಾ ಅವಳ ಹೆಸರಿಗೇ ಮಾಡಿಸಿದ್ರು. ಅವಳು ಸಹಿ ಹಾಕಿ ಬಂದು ಮತ್ತೆ ಕತ್ತರಿ ಹಿಡಿದಳು. ಅವತ್ತು ಮನೆಯಲ್ಲಿ ದೊಡ್ಡಪ್ಪ ಎದ್ದು ನಿಂತು ಕೈಮುಗಿದು, ಮಾಲೀಕರೇ, ಊಟಕ್ಕೆ ಅಪ್ಪಣೆಯಾಗಲಿ ಅಂತ ಛೇಡಿಸಿದ. ಬಡಿಸ್ಕೊಂಡು ತಿನ್ನು ಅಂತ ಉತ್ತರ ಬಂತು.

ಹೀಗೇ ನಡೆದುಹೋಗ್ತಿತ್ತೇನೋ. ಆ ಬುಧವಾರ ಮಾತ್ರ ಬರಬಾರದಾಗಿತ್ತು.

ಕಡ್ಡಿಯ ತುದಿಗೆ ಒಂದು ಪುಟ್ಟ ತಗಡಿನ ಟೊಪ್ಪಿ ಹಾಕ್ತಾರೆ, ಕಡಲೆಕಾಳಿಗಿಂತ ಸಣ್ಣದು. ಆ ಕಡೆಯಿಂದ ವಾಪಸ್ ಬಂದ ಯಾವುದೋ ಹೊದಿಕೆಗೆ ಒಂದು ಸಿಕ್ಕಿಹಾಕ್ಕೊಂಡು ಬಂದಿರಬೇಕು. ಕೆಳಗೆ ಬಿತ್ತು. ನನ್ನ ಮಗಳು ಬಾಯಿಗೆ ಹಾಕ್ಕೊಂಡಳು. ನಾನು ಬಗ್ಗಿ ನೋಡೋ ಹೊತ್ತಿಗೆ ಅವಳ ತುಟಿ ನೀಲಿ, ಅಳೋಕೂ ಉಸಿರಿಲ್ಲ. ಕಿರುಚಿದ್ದು ನಾನೇ ಅಂತ ಆಮೇಲೆ ಗೊತ್ತಾಯ್ತು. ದೊಡ್ಡಮ್ಮ ಕತ್ತರಿ ಬಿಸಾಕಿ ಓಡಿಬಂದು ಮಗೂನ ತಲೆಕೆಳಗಾಗಿ ತೊಡೆಮೇಲೆ ಹಾಕ್ಕೊಂಡು ಬೆನ್ನಿಗೆ ಬಾರಿಸಿದಳು. ಟೊಪ್ಪಿ ಹೊರಗೆ ಬಿತ್ತು. ಮಗಳು ಅತ್ತಳು. ಅಷ್ಟು ಚಂದದ ಅಳು ನಾನು ಕೇಳಿಯೇ ಇಲ್ಲ.

ದೊಡ್ಡಮ್ಮ ಆ ಟೊಪ್ಪೀನ ಅಂಗೈಯಲ್ಲಿ ಇಟ್ಕೊಂಡು ಕಿಟಕಿಯ ಹತ್ರ ಹೋಗಿ ಯಜಮಾನರನ್ನ ಕರೆದಳು. ನಾವೆಲ್ಲ ಹಿಂದೆ ನಿಂತಿದ್ವಿ. ಮಕ್ಕಳಿಗೆ ಒಂದು ಜಾಗ ಮಾಡಿಕೊಡಿ, ಕೋಣೆ ಬೇಡ, ಒಂದು ಮೂಲೆ ಸಾಕು ಅಂತ ನಿಧಾನಕ್ಕೇ ಕೇಳಿದಳು. ಯಜಮಾನರಿಗೂ ಗಾಬರಿಯಾಗಿತ್ತು, ಅದು ಅವರ ಮುಖದಲ್ಲೇ ಕಾಣ್ತಿತ್ತು. ಆದ್ರೆ ಹೂಂ ಅಂದ್ರೆ ಇಷ್ಟು ವರ್ಷ ಕಾಪಾಡಿದ್ದು ಹೋಗುತ್ತಲ್ಲ. ಅದಕ್ಕೇ ನಗೆಯಲ್ಲಿ ತೇಲಿಸೋಕೆ ನೋಡಿದ್ರು.

‘ನನ್ನನ್ನ ಯಾಕೆ ಕೇಳ್ತೀಯಮ್ಮ? ಆ ಕಡೆ ನೀನೇ ಯಜಮಾನಿ. ನಿನ್ನ ಕಂಪನಿ, ನೀನೇ ಮಾಡ್ಕೋ.’

ಹಿಂದೆ ಇಬ್ಬರು ಮೂವರು ನಕ್ಕರು. ದೊಡ್ಡಮ್ಮ ನಗಲಿಲ್ಲ. ಸರಿ ಅಂದಳು. ಅಷ್ಟೇ ಅಂದಿದ್ದು, ನಾನು ಪಕ್ಕದಲ್ಲೇ ಇದ್ದೆ.

ಮಾರನೇ ಬೆಳಿಗ್ಗೆ ನಾವು ಬರೋ ಹೊತ್ತಿಗೆ ಬೀದಿಯ ಕಡೆಯ ಬೆಳಕಿನ ಮೂಲೆಯಿಂದ ಆರೇಳು ಮೆಷಿನ್ ಎದ್ದು ಗೋಡೆ ಪಕ್ಕ ಸೇರಿದ್ವು. ಆ ಮೂಲೆಗೆ ಹಳೇ ಬಾಗಿಲಿನ ಹಲಗೆ ಅಡ್ಡ ಕಟ್ಟಿ, ನೆಲಕ್ಕೆ ಜಮಖಾನ ಹಾಸಿ, ನಮ್ಮಲ್ಲೇ ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸೋಕಾಗದೆ ಒದ್ದಾಡ್ತಿದ್ದ ಅಜ್ಜೀನ ಅಲ್ಲಿ ಕೂರಿಸಿದ್ದಳು. ಮಕ್ಕಳನ್ನ ಇಲ್ಲಿ ಬಿಡಿ, ನೀವು ಹೋಗಿ ಕೂತ್ಕೊಳ್ಳಿ ಅಂದಳು. ನನ್ನ ಮಗಳ ಸೊಂಟದ ಪಟ್ಟಿ ಬಿಚ್ಚಿದೆ. ಅವಳು ಜಮಖಾನದ ಈ ತುದಿಯಿಂದ ಆ ತುದಿಗೆ ಅಂಬೆಗಾಲಿಟ್ಟು ಹೋದಳು. ನನಗೆ ಮೆಷಿನ್ ಮುಂದೆ ಕೂತು ಕಣ್ಣು ಒರೆಸ್ಕೊಳ್ಳೋದೇ ಆಯ್ತು.

ಮೆಷಿನ್ ಕಮ್ಮಿಯಾದ್ವು, ಹೊದಿಕೆಯೂ ಕಮ್ಮಿಯಾಯ್ತು. ಸಂಜೆಯೊಳಗೆ ಆ ಕಡೆ ತಂತಿಗಳು ಬರಿಮೈಯಲ್ಲಿ ರಾಶಿ ಬಿದ್ವು. ಯಜಮಾನರು ಬೀದಿ ಸುತ್ತಿ ಏದುಸಿರು ಬಿಡ್ತಾ ನಮ್ಮ ಬಾಗಿಲಿಗೆ ಬಂದ್ರು. ತಾವೇ ಎಬ್ಬಿಸಿದ ಗೋಡೆ, ಸುತ್ತಿ ಬರದೆ ಏನು ಮಾಡ್ತಾರೆ? ಮೂಲೆ ನೋಡಿ ಕೆಂಡಾಮಂಡಲವಾದ್ರು. ಇದನ್ನೆಲ್ಲ ತೆಗಿ, ಮೆಷಿನ್ ವಾಪಸ್ ಹಾಕು, ಆರ್ಡರ್ ತಲೆ ಮೇಲಿದೆ ಅಂತ ಕೂಗಾಡಿದ್ರು. ದೊಡ್ಡಮ್ಮ ಕತ್ತರಿಸ್ತಾನೇ ಇದ್ದಳು.

‘ಯಾರ ಕಂಪನಿ ಅಂದ್ಕೊಂಡಿದ್ದೀಯ ಇದು?’

‘ನನ್ನದು,’ ಅಂದಳು ದೊಡ್ಡಮ್ಮ. ‘ನಿನ್ನೆ ನೀವೇ ಎಲ್ಲರ ಮುಂದೆ ಹೇಳಿದ್ರಲ್ಲ, ಯಜಮಾನ್ರೇ. ನಾನು ನಿಮ್ಮ ಮಾತು ಯಾವತ್ತು ಮೀರಿದ್ದೀನಿ?’

ಆಮೇಲೆ ಶುರುವಾಯ್ತು ಹಗ್ಗಜಗ್ಗಾಟ. ಕಂಪನಿ ನಾನು ಹೇಳಿದವರ ಹೆಸರಿಗೆ ಬರೆದುಕೊಡು ಅಂದ್ರು. ಅದಕ್ಕೆ ಅವಳ ಸಹಿ ಬೇಕು. ಜಪ್ಪಯ್ಯ ಅಂದ್ರೂ ಹಾಕಲ್ಲ ಅಂದಳು. ಶೆಡ್ ಖಾಲಿ ಮಾಡಿಸ್ತೀನಿ ಅಂದ್ರು. ಕರಾರು ಇದೆ, ನೀವೇ ಬರೆಸಿದ್ದು ಅಂದಳು. ಹೊದಿಕೆ ಬೇರೆ ಕಡೆ ಹೊಲಿಸ್ಕೋತೀನಿ ಅಂತ ಹೋದ್ರು. ಸೀಸನ್ನಿನಲ್ಲಿ ಯಾರ ಕೈ ಖಾಲಿ ಇರುತ್ತೆ? ಎಲ್ಲೋ ಒಂದು ಕಡೆ ಹೊಲಿಸಿ ತಂದಿದ್ದು ಅಳತೆ ತಪ್ಪಿ ಕಡ್ಡಿ ಮೇಲೆ ಜೋತುಬಿತ್ತು. ದೊಡ್ಡಮ್ಮ ಕಿಟಕಿಗೆ ಚಿಲಕ ಹಾಕಿದಳು. ಇನ್ಮೇಲೆ ಒಂದು ಕಂಪನಿ ಇನ್ನೊಂದು ಕಂಪನಿ ಜೊತೆ ಹೇಗೆ ವ್ಯವಹಾರ ಮಾಡುತ್ತೋ ಹಾಗೇ, ರೇಟು ಮಾತಾಡಿ ಕೊಂಡ್ಕೊಂಡು ಹೋಗಲಿ, ಗದರಿಸಿ ಕಿತ್ಕೊಂಡು ಹೋಗೋದು ನಿಂತಿತು ಅಂತ ಹೇಳಿ ಕಳಿಸಿದಳು.

ನನಗೆ ಪುಕುಪುಕು. ಇವರಿಬ್ಬರ ಜಿದ್ದಿನಲ್ಲಿ ಎರಡೂ ಮುಚ್ಚಿಹೋದ್ರೆ ನಾವು ಎಲ್ಲಿಗೆ ಹೋಗೋದು? ಮಗಳಿಗೆ ಮೂಲೆ ಸಿಕ್ಕಿ ಹಾಲು ತಪ್ಪಿದ್ರೆ ಏನು ಬಂತು? ಮನೆಗೆ ಹೋಗುವಾಗ ದಾರಿಯಲ್ಲಿ, ಸಹಿ ಹಾಕಿಬಿಡು ದೊಡ್ಡಮ್ಮ, ಅವರ ಕಾಲಿಗೆ ಬಿದ್ದಾದ್ರೂ ಮೂಲೆ ಉಳಿಸ್ಕೊಳ್ಳೋಣ ಅಂದೆ. ಅವಳು ನಡು ಬೀದಿಯಲ್ಲಿ ನಿಂತುಬಿಟ್ಟಳು. ಹಿಂದೆ ಬರ್ತಿದ್ದ ಸೈಕಲ್‌ನವನು ಬೈದುಕೊಂಡು ಸುತ್ತಿ ಹೋದ.

‘ನನ್ನ ಮಗಳನ್ನ ನಾನು ಮೇಜಿಗೆ ಕಟ್ಟಿ ಬೆಳೆಸಿದೆ. ಯಾರ ಕಾಲಿಗೂ ಬೀಳಲಿಲ್ಲ, ಯಾರನ್ನೂ ಕೇಳಲೂ ಇಲ್ಲ. ಕೇಳದೆ ಹೋದ್ನಲ್ಲ ಅಂತ ಹೊಟ್ಟೆಯಲ್ಲಿ ಬೆಂಕಿ ಇದೆ ಕಣೇ. ಕೆಲಸ ಹೋದ್ರೆ ಹೋಗಲಿ.’

ಅವಳು ಅಷ್ಟು ಮಾತು ತನ್ನ ಬಗ್ಗೆ ಆಡಿದ್ದು ನಾನು ಕೇಳಿದ್ದು ಅದೇ ಮೊದಲು.

ಈ ನಡುವೆ ಸೋದರಳಿಯ ಸಂಧಾನಕ್ಕೆ ಅಂತ ಬಂದ. ಮಾವ ಕಳಿಸಿದ್ರು ಅಂತ ಶುರುಮಾಡಿದವನು ಮಕ್ಕಳ ಮೂಲೆ ನೋಡ್ತಾ ಕೂತುಬಿಟ್ಟ. ಆಮೇಲೆ ತನಗೆ ತಾನೇ ಹೇಳ್ಕೊಳ್ಳೋ ಹಾಗೆ ಅಂದ: ಮಾವನಿಗೆ ಮೂವತ್ತೊಂದನೆಯವರು ಯಾಕೆ ದುಬಾರಿ ಅಂದ್ರೆ ಅವರ ಹಿಂದೇನೇ ಕೋಣೆ, ಆಯಾ, ಎಲ್ಲಾ ಬರುತ್ತೆ. ನಿಮಗೆ ಅವೆಲ್ಲ ಆಗಲೇ ಬಂದಾಯ್ತು. ನೀವು ಮೆಟ್ಟಿಲು ಹತ್ತಿಯಾಯ್ತು ಅಮ್ಮಾ, ನಿಮಗೆ ಮೂವತ್ತೊಂದನೆಯವರೂ ಇಪ್ಪತ್ತನೆಯವರೂ ಒಂದೇ. ಎಷ್ಟು ಜನರನ್ನ ಬೇಕಾದ್ರೂ ತಗೊಳ್ಳಬಹುದು. ಅಂದವನು ನಾಲಿಗೆ ಕಚ್ಚಿಕೊಂಡ, ಮಾವನ ಕಡೆಯವನಾಗಿ ಇದನ್ನ ಹೇಳಬಾರದಿತ್ತು ಅಂತ. ಆದ್ರೆ ಸರಿಯಾದ ಲೆಕ್ಕ ಹೊಳೆದ್ರೆ ಅವನಿಗೆ ಬಾಯಿ ಕಟ್ಟಿಕೊಂಡು ಕೂರೋಕಾಗಲ್ಲ, ಅದು ಅವನ ದೌರ್ಬಲ್ಯ. ದೊಡ್ಡಮ್ಮ ಅವನಿಗೆ ಇನ್ನೊಂದು ಲೋಟ ಚಹಾ ಹಾಕಿಸಿ, ಮತ್ತೊಂದು ಸಲ ಹೇಳಪ್ಪಾ, ನಿಧಾನಕ್ಕೆ ಹೇಳು ಅಂದಳು.

ಪೇಟೆಯಲ್ಲಿ ಇನ್ನೊಬ್ಬ ಕೊಡೆ ವ್ಯಾಪಾರಿ ಇದ್ದ. ಅವನಿಗೆ ಕಡ್ಡಿ ಹೇರಳ, ಹೊದಿಕೆ ಹೊಲಿದು ಕಟ್ಟಿಕೊಡೋರಿಲ್ಲ. ದೊಡ್ಡಮ್ಮ ಅವನ ಕೆಲಸ ಹಿಡಿದಳು. ಗುಜರಿ ಅಂಗಡಿಯಿಂದ ಹಳೇ ಮೆಷಿನ್ ಬಂದ್ವು, ದೊಡ್ಡಪ್ಪ ಕೂತು ಎಣ್ಣೆ ಬಿಟ್ಟು ರಿಪೇರಿ ಮಾಡಿಕೊಟ್ಟ. ಹೊಲಿಗೆ ಬರುತ್ತೆ ಆದ್ರೆ ಮಗು ಚಿಕ್ಕದು ಅಂತ ಮನೆಯಲ್ಲಿ ಕೂತಿದ್ದವರು ಅಕ್ಕಪಕ್ಕದ ಬೀದಿಗಳಲ್ಲಿ ಎಷ್ಟು ಜನ ಇದ್ರು ಅಂತೀರಿ. ಮೂಲೆಯ ಸುದ್ದಿ ಕೇಳಿ ಒಬ್ಬೊಬ್ಬರೇ ಬಂದ್ರು. ಹೆಚ್ಚು ಸಂಬಳ ಯಾರೂ ಕೇಳಲಿಲ್ಲ, ಅಜ್ಜಿ ಹೇಗೆ, ಹೊಡೆಯಲ್ಲ ತಾನೇ ಅಂತ ಕೇಳಿದ್ರು. ಜಾಗ ಸಾಲದೆ ಮೂಲೆಯನ್ನ ಪಕ್ಕದ ಖಾಲಿ ಗೋದಾಮಿಗೆ ಸಾಗಿಸಿದ್ವಿ. ಈಗ ಅದು ನಿಜವಾಗಲೂ ಕೋಣೆ. ಬಾಗಿಲಿಗೆ ಎತ್ತರದಲ್ಲಿ ಚಿಲಕ, ಒಳಗೆ ನೀಲಿ ಬಣ್ಣ, ಅಜ್ಜಿಯ ಸಹಾಯಕ್ಕೆ ಇನ್ನೊಬ್ಬಳು.

ಆಮೇಲೆ ಗೋಡೆಯ ಆ ಕಡೆಯಿಂದಲೇ ಬರೋಕೆ ಶುರುವಾದ್ರು. ಯಜಮಾನರು ಕಟ್ಟುನಿಟ್ಟಾಗಿ ಕಾಯ್ತಿದ್ದ ಮೂವತ್ತು ಅಲ್ಲಿ ತಾನಾಗಿ ಕರಗ್ತಾ ಬಂತು. ಹಿಡಿ ಕೂರಿಸೋ ಕೆಲಸದವಳು, ಅವಳಿ ಮಕ್ಕಳ ತಾಯಿ, ಒಂದು ಬೆಳಿಗ್ಗೆ ಎರಡು ಕಂಕುಳಲ್ಲೂ ಒಂದೊಂದು ಮಗು ಇಟ್ಕೊಂಡು ನಮ್ಮ ಬಾಗಿಲಲ್ಲಿ ನಿಂತಳು. ಅಷ್ಟು ಹೊತ್ತಿಗೆ ನಾವು ಸರಿಯಾಗಿ ಮೂವತ್ತು ಜನ ಆಗಿದ್ವಿ. ಅವಳನ್ನ ತಗೊಂಡ್ರೆ ಮೂವತ್ತೊಂದು. ನಾವೆಲ್ಲ ದೊಡ್ಡಮ್ಮನ ಮುಖ ನೋಡಿದ್ವಿ. ಒಳಗೆ ಬಾರೇ, ಬಿಸಿಲಲ್ಲಿ ಯಾಕೆ ನಿಂತಿದ್ದೀಯ ಅಂದಳು.

ಅವತ್ತು ಮಧ್ಯಾಹ್ನ ಕಿಟಕಿಯ ಮೇಲೆ ಯಾರೋ ಮೆಲ್ಲಗೆ ತಟ್ಟಿದ ಸದ್ದು. ದೊಡ್ಡಮ್ಮ ಚಿಲಕ ತೆಗೆದಳು. ಆ ಕಡೆ ಯಜಮಾನರು, ಕೂಗಾಟ ಇಲ್ಲ, ಇಳಿದುಹೋಗಿದ್ರು. ನೀನು ಅನ್ನೋದು ಹೋಗಿ ನೀವು ಬಂದಿತ್ತು. ಕೋಣೆ ಹಾಗೇ ಇರಲಿ, ನಾನು ಮುಟ್ಟಲ್ಲ, ನನ್ನ ಮಾತು ನಂಬಿ, ಕಂಪನಿ ಮಾತ್ರ ವಾಪಸ್ ಕೊಡಿ ಅಂದ್ರು. ಪಾಪ ಅನ್ನಿಸ್ತು, ಸುಳ್ಳು ಯಾಕೆ ಹೇಳ್ಲಿ. ಆ ಕ್ಷಣಕ್ಕೆ ಅವರು ಮನಸಾರೆ ಹೇಳ್ತಿದ್ರು ಅಂತಲೂ ಅನ್ನಿಸ್ತು. ನಿಮ್ಮ ಮಾತಿಗೆ ಬೆಲೆ ಇದೆ, ಆದ್ರೆ ಮಗೂನ ಮಾತಿನ ಮೇಲೆ ಮಲಗಿಸೋಕಾಗಲ್ಲ ಅಂದಳು ದೊಡ್ಡಮ್ಮ. ಹೊದಿಕೆ ಬೇಕಾದ್ರೆ ಬನ್ನಿ, ನಿಮಗೆ ಬೇರೆಯವರಿಗಿಂತ ಮೊದಲು ಕೊಡ್ತೀನಿ, ನಾನು ನಿಮ್ಮ ಶೆಡ್ಡಿನಲ್ಲೇ ಕೆಲಸ ಕಲಿತವಳು ಅಂತಲೂ ಅಂದಳು. ಅವರು ತಲೆ ಆಡಿಸಿ ಹೋದ್ರು, ಮರುದಿನದಿಂದ ಹಾಗೇ ರೇಟು ಮಾತಾಡಿ ತಗೊಂಡು ಹೋಗೋಕೆ ಶುರುಮಾಡಿದ್ರು.

ಇಷ್ಟಕ್ಕೆ ಸುಮ್ಮನಿರಬಹುದಿತ್ತು. ಗೆದ್ದಾಗಿತ್ತು. ಆದ್ರೆ ದೊಡ್ಡಮ್ಮ ಮಾರನೇ ದಿನ ಕಾರ್ಮಿಕ ಇಲಾಖೆಗೆ ಹೋಗಿ, ನಮ್ಮಲ್ಲಿ ಜನ ಜಾಸ್ತಿಯಾಗಿದ್ದಾರೆ, ಬಂದು ಎಣಿಸ್ಕೊಂಡು ಹೋಗಿ ಅಂತ ಇನ್ಸ್‌ಪೆಕ್ಟರನ್ನ ಕರೆದು ಬಂದಳು. ಜನರನ್ನ ಬಚ್ಚಿಡೋ ಮಾಲೀಕರನ್ನೇ ನೋಡಿ ಅಭ್ಯಾಸವಾಗಿದ್ದ ಆ ಮನುಷ್ಯ ಇದರಲ್ಲೇನೋ ಮೋಸ ಇದೆ ಅಂತ ಅನುಮಾನದಲ್ಲೇ ಬಂದ. ಮೆಷಿನ್ನಿಂದ ಮೆಷಿನ್ನಿಗೆ ಓಡಾಡಿ ಎಣಿಸಿದ. ಮೂವತ್ತೊಂದು. ಪೆನ್ನು ಹಿಡಿದವನು ಒಂದು ಗಳಿಗೆ ನಿಂತು, ಒಳ್ಳೇ ಮನಸ್ಸಿನಿಂದಲೇ ಹೇಳಿದ: ‘ಅಮ್ಮಾ, ಒಬ್ಬರನ್ನ ಕಮ್ಮಿ ಮಾಡಿಬಿಡಿ, ನಿಮಗೆ ಈ ರಗಳೆಯೇ ಇರಲ್ಲ. ಬರೆದಮೇಲೆ ನಾನೂ ಏನೂ ಮಾಡೋಕಾಗಲ್ಲ.’

‘ಗೊತ್ತು. ಬರ್ಕೊಳ್ಳಿ.’

ಬರೆದು, ಒಂದು ಪ್ರತಿ ಅವಳ ಕೈಗೆ ಕೊಟ್ಟು ಹೋದ. ನನಗೆ ತಡೆಯೋಕಾಗಲಿಲ್ಲ. ಕೋಣೆ ಹೇಗೂ ಇದೆ, ಯಾರೂ ಕೇಳಿರಲಿಲ್ಲ, ನೀನಾಗೇ ಹೋಗಿ ಯಾಕೆ ಕೊರಳಿಗೆ ಹಗ್ಗ ಹಾಕ್ಕೊಂಡೆ ಅಂತ ರೇಗಿದೆ. ನಾಳೆ ವ್ಯಾಪಾರ ಬಿದ್ರೆ ಏನು ಗತಿ ಅಂತಲೂ ಕೇಳಿದೆ. ಅವಳು ಆ ಪ್ರತೀನ ಮಡಿಸಿ ನನ್ನ ಕೈಗಿಟ್ಟಳು.

‘ಬಿದ್ದೇ ಬೀಳುತ್ತೆ. ಒಂದು ವರ್ಷ ಮಳೆ ಕೈಕೊಡುತ್ತೆ, ಕೊಡೆ ಯಾರೂ ಕೊಳ್ಳಲ್ಲ. ಆಗ ನಾನೂ ಕೂತು ಯಾವ ಖರ್ಚು ಕಡಿಯೋದು ಅಂತ ಯೋಚನೆ ಮಾಡ್ತೀನಿ. ಮೊದಲು ಕಣ್ಣಿಗೆ ಬೀಳೋದು ಆ ಕೋಣೇನೇ. ನನ್ನ ಒಳ್ಳೇತನ ಅವತ್ತು ಇರುತ್ತೋ ಇಲ್ವೋ, ನನಗೇ ಗೊತ್ತಿಲ್ಲ. ಅವತ್ತು ನೀನು ನನ್ನ ಮುಂದೆ ಕೈ ಕಟ್ಟಿ ನಿಂತು ಬೇಡಬಾರದು. ಇದನ್ನ ಹಿಡ್ಕೊಂಡು ಬಂದು ಜಗಳ ಆಡಬೇಕು. ಆಡ್ತೀಯಾ?’

‘ಆಡ್ತೀನಿ,’ ಅಂದೆ. ‘ನಿನ್ನ ಸುಮ್ಮನೆ ಬಿಡಲ್ಲ.’